ಮನೆಯ ಒಲೆಯಲ್ಲಿ ಹುರಿದ ಸೋಯಾ ನೂಡಲ್ಸ್ ಮುದ್ದೆಯಾಗುವುದೇಕೆ?

ಪ್ರಶ್ನೆ: ನಿವೃತ್ತ ಬಾಣಸಿಗ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಅಡುಗೆ ಕಲಿಯಲು ತೊಡಗಿದ್ದು ಕೆಲಸದಿಂದ ನಿವೃತ್ತನಾದ ಮೇಲೆ. ಆದ್ದರಿಂದ ಅನುಭವಿಗಳಿಗೆ ನನ್ನ ಪ್ರಶ್ನೆ ಬಾಲಿಶವೆನಿಸಿದರೆ ಮನ್ನಿಸಬೇಕು. ಕಳೆದ ಡಿಸೆಂಬರಿನಲ್ಲಿ ಹಾಂಗ್‌ಕಾಂಗಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವರ ಕಟ್ಟಡದ ಕೆಳಗೆ ಗಂಜಿ ಮಾರುವ ಸಣ್ಣ ಅಂಗಡಿಯೊಂದಿದೆ. ಅಲ್ಲಿ ಬೆಳಗಿನ ಹೊತ್ತು ಗಂಜಿಯ ಜೊತೆಗೆ ಸಣ್ಣ ಎಳೆಯ ನೂಡಲ್ಸನ್ನು ಸೋಯಾ ಸಾಸ್, ಹೆಸರುಕಾಳಿನ ಉದ್ದನೆಯ ಮೊಳಕೆ ಮತ್ತು ಈರುಳ್ಳಿ ಸೊಪ್ಪನ್ನಷ್ಟೇ ಹಾಕಿ ಹುರಿದು ಕೊಡುತ್ತಾರೆ. ಖಾರವಿಲ್ಲ, ಹುಳಿಯಿಲ್ಲ, ಕೆಂಪು ಬಣ್ಣವಿಲ್ಲ. ಆದರೂ ಎಳೆ ಎಳೆಯೂ ಬೇರೆ ಬೇರೆಯಾಗಿ, ಅಲ್ಲಲ್ಲಿ ಅಂಚು ಗರಿಯಾಗಿ, ಹುರಿದ ಘಮದೊಂದಿಗೆ ಬರುವ ಆ ತಿಂಡಿಯನ್ನು ನಾನು ಹದಿನೈದು ದಿನಗಳಲ್ಲಿ ಹತ್ತು ಸಲವಾದರೂ ತಿಂದಿರಬೇಕು.

ಊರಿಗೆ ಮರಳಿದ ಮೇಲೆ ಅದನ್ನು ಮನೆಯಲ್ಲಿ ಮಾಡಲು ಮೂರು ಬಾರಿ ಪ್ರಯತ್ನಿಸಿ ಮೂರು ಬಾರಿಯೂ ಸೋತಿದ್ದೇನೆ. ನಾನು ಮಾಡಿದ ಕ್ರಮವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಅಂಗಡಿಯಲ್ಲಿ ಸಿಗುವ 150 ಗ್ರಾಂ ತೂಕದ ಹಕ್ಕಾ ನೂಡಲ್ಸಿನ ಮೂರು ಪೊಟ್ಟಣಗಳನ್ನು, ಅದರ ಮೇಲೆ ಬರೆದಷ್ಟೇ ಹೊತ್ತು ಕುದಿಸಿ, ಜಾಲರಿಗೆ ಬಸಿದು, ಮೇಲೊಂದು ತಟ್ಟೆ ಮುಚ್ಚಿಟ್ಟೆ. ಅದು ಆರುವಷ್ಟರಲ್ಲಿ ಎಲೆಕೋಸು, ಕ್ಯಾರೆಟ್, ದೊಣ್ಣೆ ಮೆಣಸಿನಕಾಯಿ ಹೆಚ್ಚಿಕೊಂಡೆ. ನಾನ್‌ಸ್ಟಿಕ್ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಹಾಕಿ, ತರಕಾರಿಗೆ ಉಪ್ಪು ಬೆರೆಸಿ, ಬೇಗ ಬೇಯಲೆಂದು ಮುಚ್ಚಳ ಮುಚ್ಚಿದೆ. ಬಳಿಕ ನೂಡಲ್ಸ್ ಅಷ್ಟನ್ನೂ ಸುರಿದು, ಸೋಯಾ ಸಾಸನ್ನು ನಾಲ್ಕು ದೊಡ್ಡ ಚಮಚ ಹಾಕಿ, ಸೌಟಿನಿಂದ ಚೆನ್ನಾಗಿ ಕಲಸಿದೆ. ತಟ್ಟೆಗೆ ಬಂದದ್ದು ಕಪ್ಪಗಿನ, ತುಂಡು ತುಂಡಾದ, ಒಂದಕ್ಕೊಂದು ಅಂಟಿದ ಒಂದು ಮುದ್ದೆ. ಉಪ್ಪು ವಿಪರೀತ, ಘಮ ಮಾತ್ರ ಶೂನ್ಯ. ನನ್ನ ಶ್ರೀಮತಿಯವರು ‘ಇದಕ್ಕಿಂತ ಶ್ಯಾವಿಗೆ ಉಪ್ಪಿಟ್ಟು ಮಾಡಿದ್ದರೆ ಮನೆಮಂದಿಯೆಲ್ಲ ತಿನ್ನಬಹುದಿತ್ತು’ ಎಂದರು. ಅದನ್ನು ಅಲ್ಲಗಳೆಯುವಂತಿರಲಿಲ್ಲ.

ನನ್ನ ತಪ್ಪು ಬೇಯಿಸುವುದರಲ್ಲಿದೆಯೇ, ಸಾಸಿನಲ್ಲಿದೆಯೇ, ಅಥವಾ ಪಾತ್ರೆಯಲ್ಲಿಯೇ? ಹೋಟೆಲಿನ ರುಚಿಗೆ ಅಜಿನೊಮೊಟೊ ಹಾಕಲೇಬೇಕೆಂದು ನೆರೆಯವರೊಬ್ಬರು ಹೇಳುತ್ತಾರೆ. ಅದು ನಿಜವೇ? ದಯವಿಟ್ಟು ತಿಳಿದವರು ವಿವರವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಕೌಲೂನ್ ಕನ್ನಡಿಗ

ನಿವೃತ್ತ ಬಾಣಸಿಗ ಅವರಿಗೆ ನಮಸ್ಕಾರ. ನಾನು ಉದ್ಯೋಗದ ನಿಮಿತ್ತ ಹಾಂಗ್‌ಕಾಂಗಿನ ಕೌಲೂನಿನಲ್ಲಿ ಒಂಬತ್ತು ವರ್ಷ ಇದ್ದವನು. ನೀವು ಹೇಳಿದ ತಿಂಡಿಯೇ ಅಲ್ಲಿ ನನ್ನ ಪಾಲಿನ ಇಡ್ಲಿ ವಡೆಯಾಗಿತ್ತು. ಕ್ಯಾಂಟನೀಸ್ ಭಾಷೆಯಲ್ಲಿ ಅದರ ಹೆಸರು ‘ಶೀ ಯಾವ್ ವಾಂಗ್ ಚಾವ್ ಮಿನ್’. ‘ಶೀ ಯಾವ್’ ಎಂದರೆ ಸೋಯಾ ಸಾಸ್, ‘ವಾಂಗ್’ ಎಂದರೆ ದೊರೆ, ‘ಚಾವ್’ ಎಂದರೆ ಹುರಿಯುವುದು, ‘ಮಿನ್’ ಎಂದರೆ ನೂಡಲ್ಸ್. ನಮ್ಮ ಊರುಗಳ ಮೆನುಗಳಲ್ಲಿ ಕಾಣುವ ‘ಚೌಮೀನ್’ ಎಂಬುದೂ ಈ ಕೊನೆಯ ಎರಡು ಪದಗಳೇ ಬಾಯಿಂದ ಬಾಯಿಗೆ ಬದಲಾದ ರೂಪ. ನನ್ನ ಸೋದರತ್ತೆಯವರು ಆ ಹೆಸರು ಕೇಳಿದ ಕೂಡಲೇ ತಟ್ಟೆಯನ್ನು ದೂರ ಸರಿಸಿದ್ದರು. ಅದರಲ್ಲಿ ಮೀನಿಲ್ಲವೆಂದು ಅವರನ್ನು ನಂಬಿಸಲು ಅರ್ಧ ಗಂಟೆ ಹಿಡಿಯಿತು.

ನಿಮ್ಮ ಕ್ರಮವನ್ನು ಓದುತ್ತಾ ಹೋದಂತೆ ನನಗೆ ಕಂಡದ್ದು ಒಂದೇ ಶತ್ರು, ನೀರು. ಬೆಂದ ನೂಡಲ್ಸಿನಲ್ಲಿ ನೀರು, ಮುಚ್ಚಿದ ತಟ್ಟೆಯ ಕೆಳಗೆ ಹಬೆಯ ನೀರು, ಉಪ್ಪು ಬಿದ್ದ ಎಲೆಕೋಸಿನಿಂದ ಒಸರಿದ ನೀರು, ಮುಚ್ಚಳದಿಂದ ಇಳಿದ ನೀರು, ಕೊನೆಗೆ ನಾಲ್ಕು ಚಮಚ ಸಾಸು. ಹೀಗಾದರೆ ನೀವು ಮಾಡಿದ್ದು ಹುರಿದ ನೂಡಲ್ಸ್ ಆಗುವುದಿಲ್ಲ, ಎರಡನೆಯ ಬಾರಿ ಬೇಯಿಸಿದ ನೂಡಲ್ಸ್ ಆಗುತ್ತದೆ. ಚಿತ್ರಾನ್ನ ಮಾಡುವಾಗ ನಾವು ಅನ್ನವನ್ನು ಒಂದಗುಳು ಮೊದಲೇ ಇಳಿಸಿ, ಅಗಲವಾದ ತಟ್ಟೆಯಲ್ಲಿ ಹರವಿ, ಎಣ್ಣೆ ಸವರಿ ಆರಿಸುತ್ತೇವಲ್ಲ, ನೂಡಲ್ಸಿಗೂ ಅದೇ ಉಪಚಾರ ಬೇಕು. ಬಿಸಿ ಅನ್ನವನ್ನು ಮುಚ್ಚಿಟ್ಟು ಚಿತ್ರಾನ್ನ ಕಲಸಿದರೆ ಏನಾಗುತ್ತದೆಂಬುದನ್ನು ನಿಮ್ಮ ಶ್ರೀಮತಿಯವರನ್ನು ಕೇಳಿ ನೋಡಿ.

ಕುದಿಸುವಾಗ ಪೊಟ್ಟಣದ ಮೇಲಿನ ಅವಧಿಗಿಂತ ಒಂದು ನಿಮಿಷ ಮುಂಚೆಯೇ ಒಂದು ಎಳೆಯನ್ನು ಹಲ್ಲಿನಿಂದ ಕಚ್ಚಿ ನೋಡಿ. ನಡುವೆ ಸ್ವಲ್ಪ ಗಟ್ಟಿ ಇರುವಾಗಲೇ ಬಸಿದು, ಕೂಡಲೇ ತಣ್ಣೀರಿನಿಂದ ತೊಳೆಯಿರಿ. ತೊಳೆಯುವುದರಿಂದ ಎರಡು ಲಾಭವಿದೆ: ಒಳಗಿನ ಬಿಸಿಗೆ ಬೇಯುತ್ತಲೇ ಹೋಗುವುದು ನಿಲ್ಲುತ್ತದೆ, ಮತ್ತು ಎಳೆಗಳ ಮೇಲೆ ಬಿಟ್ಟುಕೊಂಡ ಗಂಜಿಯಂಥ ಪಿಷ್ಟ, ಅಂದರೆ ಅವನ್ನು ಪರಸ್ಪರ ಅಂಟಿಸುವ ಅಂಟು, ಹೋಗುತ್ತದೆ. ಆಮೇಲೆ ಜಾಲರಿಯನ್ನು ಜೋರಾಗಿ ಜಾಡಿಸಿ, ನೂಡಲ್ಸನ್ನು ಶುಭ್ರವಾದ ಹತ್ತಿಯ ಪಂಚೆಯ ಮೇಲೋ ಅಗಲವಾದ ತಟ್ಟೆಯಲ್ಲೋ ತೆಳುವಾಗಿ ಹರವಿ, ಒಂದು ಚಿಕ್ಕ ಚಮಚ ಎಣ್ಣೆ ಸವರಿ, ಫ್ಯಾನಿನ ಕೆಳಗೆ 20 ನಿಮಿಷ ಬಿಡಿ. ಮುಟ್ಟಿದರೆ ಕೈಗೆ ತೇವ ತಾಗಬಾರದು. ನನ್ನ ಮಟ್ಟಿಗೆ ಇಡೀ ಅಡುಗೆಯಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇನ್ನೊಂದಿಲ್ಲ.

ಈಗ ಸಾಸಿನ ವಿಚಾರ. ಚೀನೀಯರ ಅಡುಗೆಮನೆಯಲ್ಲಿ ಸೋಯಾ ಸಾಸ್ ಎಂದರೆ ಕನಿಷ್ಠ ಎರಡು ಸೀಸೆ. ‘ಸಾಂಗ್ ಚಾವ್’ ಎಂಬುದು ತೆಳು ಬಣ್ಣದ್ದು, ನೀರಿನಂತೆ ಹರಿಯುವಂಥದ್ದು. ಉಪ್ಪು ಮತ್ತು ರುಚಿ ಬರುವುದು ಅದರಿಂದ. ‘ಲೋ ಚಾವ್’ ಎಂಬುದು ಮಂದವಾದ ಕಪ್ಪು ಸಾಸು. ಅದು ಹೆಚ್ಚು ಕಾಲ ಮಾಗಿದ್ದು, ಸಾಮಾನ್ಯವಾಗಿ ಸುಟ್ಟ ಸಕ್ಕರೆಯ ಬಣ್ಣ ಸೇರಿದ್ದು; ಬಳಸುವುದು ಬಹುಪಾಲು ಬಣ್ಣಕ್ಕಾಗಿ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಈ ಎರಡನೆಯ ಬಗೆ. ನೀವು ಬಣ್ಣದ ಸೀಸೆಯಿಂದ ರುಚಿ ಹುಡುಕಿದ್ದೀರಿ, ಅದಕ್ಕೇ ನೂಡಲ್ಸ್ ಕಪ್ಪಾಯಿತು. ದೊಡ್ಡ ಅಂಗಡಿಗಳಲ್ಲಿ ‘ಲೈಟ್ ಸೋಯಾ ಸಾಸ್’ ಎಂದು ಬರೆದ ಸೀಸೆಯನ್ನು ಕೇಳಿ ಪಡೆಯಿರಿ. ಪದಾರ್ಥಗಳ ಪಟ್ಟಿಯಲ್ಲಿ ಸೋಯಾ ಅವರೆ, ಗೋಧಿ, ಉಪ್ಪು ಮತ್ತು ನೀರು ಮೊದಲಿಗೆ ಇದ್ದರೆ ಒಳ್ಳೆಯದು. ಒಂದು ಪೊಟ್ಟಣಕ್ಕೆ, ಅಂದರೆ 150 ಗ್ರಾಂ ಒಣ ನೂಡಲ್ಸಿಗೆ, ತೆಳು ಸಾಸು ಒಂದೂವರೆ ದೊಡ್ಡ ಚಮಚ, ಕಪ್ಪು ಸಾಸು ಒಂದು ಚಿಕ್ಕ ಚಮಚ, ಸಕ್ಕರೆ ಅರ್ಧ ಚಿಕ್ಕ ಚಮಚ ಸಾಕು. ಬೇರೆ ಉಪ್ಪು ಬೇಡ. ಇವನ್ನು ಒಂದು ಬಟ್ಟಲಿನಲ್ಲಿ ಮೊದಲೇ ಬೆರೆಸಿಡಿ, ಏಕೆಂದರೆ ಒಲೆ ಉರಿಯುವಾಗ ಸೀಸೆಯ ಮುಚ್ಚಳ ತಿರುಗಿಸುತ್ತಾ ನಿಲ್ಲಲು ಸಮಯವಿರುವುದಿಲ್ಲ.

ಹುರಿಯುವ ಕೆಲಸಕ್ಕೆ ಬೇಕಾಗುವುದು ನಾಲ್ಕೇ ನಿಮಿಷ. ಕಬ್ಬಿಣದ ಬಾಣಲೆಯನ್ನು ಖಾಲಿಯಾಗಿಯೇ ಕಾಯಿಸಿ, ಸಣ್ಣಗೆ ಹೊಗೆ ಕಾಣಿಸಿದ ಮೇಲೆ ಎರಡು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಹಾಕಿ, ಬಾಣಲೆಯ ಸುತ್ತಲೂ ಹರಿಯುವಂತೆ ತಿರುಗಿಸಿ. ‘ಬಿಸಿ ಬಾಣಲೆ, ತಣ್ಣನೆ ಎಣ್ಣೆ’ ಎಂದು ಅಲ್ಲಿನ ಅಡುಗೆಯವರು ಹೇಳುವ ಮಾತೇ ಇದೆ. ಹಾಗೆ ಮಾಡಿದರೆ ನೂಡಲ್ಸ್ ತಳ ಹಿಡಿಯುವುದಿಲ್ಲ. ಮೊದಲು ಮೊಳಕೆ ಮತ್ತು ಈರುಳ್ಳಿ ಸೊಪ್ಪಿನ ಬಿಳಿಯ ಭಾಗವನ್ನು ಅರ್ಧ ನಿಮಿಷ ಹುರಿದು ತಟ್ಟೆಗೆ ತೆಗೆದಿಡಿ. ಇನ್ನಷ್ಟು ಎಣ್ಣೆ ಹಾಕಿ ನೂಡಲ್ಸನ್ನು ಹರವಿ, ಅರ್ಧ ನಿಮಿಷ ಕೈಕಟ್ಟಿ ಸುಮ್ಮನೆ ನಿಲ್ಲಿ. ಈ ಸುಮ್ಮನಿರುವುದು ಹೊಸಬರಿಗೆ ಬಹಳ ಕಷ್ಟ, ನನಗೂ ಕಷ್ಟವಾಗಿತ್ತು. ಅಡಿ ಗರಿಯಾದ ಮೇಲೆ ಮಗುಚಿ, ಇನ್ನೊಂದು ಬದಿಯನ್ನೂ ಹಾಗೆಯೇ ಬಿಡಿ. ಆಮೇಲೆ ಸಾಸನ್ನು ನೂಡಲ್ಸಿನ ಮೇಲೆ ಸುರಿಯದೆ ಬಾಣಲೆಯ ಕಾದ ಅಂಚಿನ ಸುತ್ತ ಬಿಡಿ. ಅದು ಚುರ್ರೆಂದು ಸೀದು ಏಳುವ ಘಮವೇ ನೀವು ಹುಡುಕುತ್ತಿರುವ ಘಮ. ತೆಗೆದಿಟ್ಟ ಮೊಳಕೆ, ಈರುಳ್ಳಿ ಸೊಪ್ಪಿನ ಹಸಿರು ಭಾಗ ಸೇರಿಸಿ ಎರಡು ಸಲ ಮಗುಚಿ ಇಳಿಸಿ, ಹುರಿದ ಬಿಳಿ ಎಳ್ಳು ಉದುರಿಸಿ.

ಒಂದು ಸಲಕ್ಕೆ ಒಂದೇ ಪೊಟ್ಟಣ. ನಾಲ್ಕು ಜನರಿದ್ದರೆ ದೋಸೆ ಹೊಯ್ದಂತೆ ಸರದಿಯಲ್ಲಿ ಹುರಿಯಿರಿ.

ಉತ್ತರ: ಗಡಿಬಿಡಿ ಅಡುಗೆ, ಹುಬ್ಬಳ್ಳಿ

ಕೌಲೂನ್ ಕನ್ನಡಿಗರ ವಿವರಣೆ ಸೊಗಸಾಗಿದೆ, ಆದರೆ ಸಂಜೆ ಆರೂವರೆಗೆ ಕಚೇರಿಯಿಂದ ಬಂದು ಏಳಕ್ಕೆ ಮಕ್ಕಳ ತಟ್ಟೆಗೆ ಬಡಿಸಬೇಕಾದವರಿಗೆ ಪಂಚೆ ಹರವಿ ಫ್ಯಾನ್ ಹಾಕಿ ಕಾಯುವಷ್ಟು ಬಿಡುವು ಇರುವುದಿಲ್ಲ. ನಾನು ಮಾಡುವ ಉಪಾಯವನ್ನು ಹೇಳುತ್ತೇನೆ. ಬೆಳಗ್ಗೆ ಚಹಾ ಕಾಯುವ ಹೊತ್ತಿನಲ್ಲೇ ನೂಡಲ್ಸ್ ಕುದಿಸಿ, ತೊಳೆದು, ಬಸಿದು, ಎಣ್ಣೆ ಸವರಿ, ಅಗಲವಾದ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡುತ್ತೇನೆ; ಮೊದಲ ಒಂದು ಗಂಟೆ ಡಬ್ಬಿಗೆ ಮುಚ್ಚಳ ಹಾಕುವುದಿಲ್ಲ. ಫ್ರಿಜ್ಜಿನ ಗಾಳಿ ಒಣಗಾಳಿಯಾದ್ದರಿಂದ ಸಂಜೆಯ ಹೊತ್ತಿಗೆ ಎಳೆಗಳು ಗಡುಸಾಗಿ ಹುರಿಯಲು ಹೇಳಿ ಮಾಡಿಸಿದಂತಿರುತ್ತವೆ. ಆದರೆ ಬೇಯಿಸಿದ ನೂಡಲ್ಸನ್ನು ದಿನವಿಡೀ ಹೊರಗೆ ಅಡುಗೆಕಟ್ಟೆಯ ಮೇಲೆ ಬಿಡಬೇಡಿ. ಅನ್ನದಲ್ಲಿ ಬೆಳೆದು ವಾಂತಿ ಬರಿಸುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ನೂಡಲ್ಸಿನಲ್ಲೂ ಬೆಳೆಯುತ್ತದೆ, ಮತ್ತು ಅದು ಬಿಟ್ಟ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ.

ತರಕಾರಿಯ ಬಗ್ಗೆಯೂ ಒಂದು ಮಾತು. ಕ್ಯಾರೆಟ್ಟನ್ನು (ನಮ್ಮ ಕಡೆ ಗಜ್ಜರಿ ಎನ್ನುತ್ತೇವೆ) ಕಡ್ಡಿಯಷ್ಟು ಸಣ್ಣಗೆ ಹೆಚ್ಚಿದರೆ ಮುಚ್ಚಳ ಮುಚ್ಚುವ ಅಗತ್ಯವೇ ಬರುವುದಿಲ್ಲ. ತರಕಾರಿಯನ್ನು ತೊಳೆದ ಮೇಲೆ ಹೆಚ್ಚುವುದಕ್ಕೆ ಮುಂಚೆ ಬಟ್ಟೆಯಿಂದ ಒರೆಸಿ. ಎಲೆಕೋಸಿಗೆ ಮೊದಲೇ ಉಪ್ಪು ಹಾಕಿದರೆ ಅದು ಪಲ್ಯಕ್ಕೆ ಸರಿ, ಇಲ್ಲಿಗಲ್ಲ.

ನಮ್ಮ ಗಾಡಿಗಳಲ್ಲಿ ವಿನೆಗರ್, ಹಸಿಮೆಣಸಿನ ಸಾಸು ಹಾಕಿ ಮಾಡುವ ನೂಡಲ್ಸನ್ನು ಇಲ್ಲಿ ಕೆಲವರು ‘ನಕಲಿ ಚೈನೀಸ್’ ಎಂದು ಹೀಗಳೆಯುವುದು ನನಗೆ ಸರಿಕಾಣುವುದಿಲ್ಲ. ಕೋಲ್ಕತ್ತದ ಟಾಂಗ್ರಾದಲ್ಲಿ ಚರ್ಮ ಹದ ಮಾಡುವ ಕೆಲಸದಲ್ಲಿ ನೆಲೆನಿಂತ ಹಕ್ಕಾ ಚೀನೀಯರು ಇಲ್ಲಿಯ ನಾಲಿಗೆಗೆ ಹೊಂದುವಂತೆ ಬೆಳೆಸಿದ ಅಡುಗೆ ಅದು. ಪೊಟ್ಟಣದ ಮೇಲೆ ‘ಹಕ್ಕಾ’ ಎಂಬ ಹೆಸರು ಬಂದದ್ದೂ ಆ ಜನರಿಂದಲೇ. ಅದು ಬೇರೆ ತಿಂಡಿ, ಇದು ಬೇರೆ ತಿಂಡಿ. ಎರಡನ್ನೂ ಒಂದೇ ಬಾಣಲೆಯಲ್ಲಿ ಬೆರೆಸಿದಾಗ ಮಾತ್ರ ಎಡವಟ್ಟಾಗುತ್ತದೆ.

ಉತ್ತರ: ತೆಂಕಬೀದಿ, ಉಡುಪಿ

ನಮ್ಮದು ಈರುಳ್ಳಿ ಬೆಳ್ಳುಳ್ಳಿ ಸೇರದ ಮನೆ. ಮಕ್ಕಳು ನೂಡಲ್ಸ್ ಕೇಳಿದಾಗಲೆಲ್ಲ ‘ಅವೆರಡಿಲ್ಲದೆ ಅದು ಆಗುವುದಿಲ್ಲ’ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆವು. ಆ ನೆಪ ನಿಲ್ಲದಂತೆ ಮಾಡಿದ್ದು ಚೀನೀಯರೇ. ಅಲ್ಲಿನ ಬೌದ್ಧ ವಿಹಾರಗಳ ಅಡುಗೆಯಲ್ಲಿ ಮಾಂಸದ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ ಮತ್ತು ಅದೇ ಜಾತಿಯ ಘಾಟಿನ ಸೊಪ್ಪುಗಳಿಗೂ ನಿಷೇಧವಿದೆ. ‘ಲೋ ಹಾನ್ ಜಾಯ್’ ಎಂಬ ಪ್ರಸಿದ್ಧ ಸಸ್ಯಾಹಾರಿ ಖಾದ್ಯ ಆ ಸಂಪ್ರದಾಯದ್ದು. ‘ಲೋ ಹಾನ್’ ಎಂದರೆ ನಮ್ಮ ಅರ್ಹಂತ ಎಂಬ ಪದವೇ ಚೀನೀ ಬಾಯಲ್ಲಿ ಪಡೆದ ರೂಪ. ಅಣಬೆ, ಎಲೆಕೋಸು, ಸೋಯಾ ಸಾಸು, ಶುಂಠಿ ಇವುಗಳಿಂದಲೇ ಅವರು ರುಚಿ ಕಟ್ಟುತ್ತಾರೆ.

ನಾನು ಮಾಡುವುದು ಹೀಗೆ: ಒಣಗಿದ ಶಿಟಾಕೆ ಅಣಬೆ ನಾಲ್ಕನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ತೆಳುವಾಗಿ ಸೀಳಿ, ಎಣ್ಣೆಯಲ್ಲಿ ಅಂಚು ಕಂದುವವರೆಗೆ ಹುರಿಯುತ್ತೇನೆ. ನೆನೆಸಿದ ನೀರನ್ನು ಚೆಲ್ಲದೆ ಎರಡು ಚಮಚದಷ್ಟನ್ನು ಕುದಿಸಿ ಇಂಗಿಸಿ ಸಾಸಿಗೆ ಬೆರೆಸುತ್ತೇನೆ. ಸಣ್ಣಗೆ ಹೆಚ್ಚಿದ ಶುಂಠಿಯನ್ನು ಬೆಳ್ಳುಳ್ಳಿಯ ಜಾಗದಲ್ಲಿ ಹಾಕುತ್ತೇನೆ. ಅಣಬೆಯನ್ನೂ ತಿನ್ನದವರು ಅದನ್ನು ಬಿಟ್ಟು ಹುರಿದ ಎಳ್ಳು ಹೆಚ್ಚಿಸಬಹುದು.

ಸಸ್ಯಾಹಾರಿಗಳು ಎರಡು ವಿಷಯ ಗಮನಿಸಬೇಕು. ಹಾಂಗ್‌ಕಾಂಗಿನ ಅಂಗಡಿಯ ಸಣ್ಣೆಳೆಯ ನೂಡಲ್ಸಿಗೆ ಬಹುತೇಕ ಮೊಟ್ಟೆ ಸೇರಿರುತ್ತದೆ. ನಮ್ಮಲ್ಲಿಯ ಹಕ್ಕಾ ಪೊಟ್ಟಣಗಳಲ್ಲಿ ಹೆಚ್ಚಿನವು ಬರೀ ಮೈದಾದವು, ಹಸಿರು ಚುಕ್ಕೆ ನೋಡಿ ಕೊಳ್ಳಬಹುದು. ಮತ್ತೆ, ‘ಆಯ್ಸ್ಟರ್ ಸಾಸ್’ ಎಂಬುದು ಹೆಸರಿಗಷ್ಟೇ ಅಲ್ಲ, ನಿಜವಾಗಿಯೂ ಸಿಂಪಿಯಿಂದ ಮಾಡಿದ್ದು. ಅದರ ಬದಲಿಗೆ ಅಣಬೆಯಿಂದ ಮಾಡಿದ ಸಾಸು ಸಿಗುತ್ತದೆ.

ಎಣ್ಣೆಯ ಬಗ್ಗೆಯೂ ಒಂದು ಎಚ್ಚರಿಕೆ ಹೇಳಬೇಕು, ಏಕೆಂದರೆ ಇದರಲ್ಲಿ ನಾನೇ ಎಡವಿದ್ದೆ. ಪಾಕವಿಧಾನಗಳಲ್ಲಿ ‘ಕೊನೆಗೆ ಎಳ್ಳೆಣ್ಣೆ ಒಂದು ಚಮಚ’ ಎಂದು ಬರೆದಿರುವುದನ್ನು ಓದಿ ನಮ್ಮ ಗಾಣದ ಎಳ್ಳೆಣ್ಣೆ ಹಾಕಿದರೆ ರುಚಿ ಹೊಂದುವುದಿಲ್ಲ. ನಮ್ಮದು ಹಸಿ ಎಳ್ಳಿನಿಂದ ತೆಗೆದದ್ದು, ಅವರದು ಎಳ್ಳನ್ನು ಕಂದುಬಣ್ಣಕ್ಕೆ ಹುರಿದು ತೆಗೆದದ್ದು. ಅದು ಹುರಿಯುವ ಎಣ್ಣೆಯಲ್ಲ, ತುಪ್ಪದಂತೆ ಮೇಲೆ ಹಾಕುವ ಎಣ್ಣೆ.

ಮರುಪ್ರಶ್ನೆ: ನಿವೃತ್ತ ಬಾಣಸಿಗ, ಮೈಸೂರು

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬೆಳಗ್ಗೆಯೇ ಬೇಯಿಸಿಟ್ಟುಕೊಳ್ಳುವ ಸಲಹೆ ನನಗೆ ಬಹಳ ಹಿಡಿಸಿತು. ಇನ್ನೂ ಕೆಲವು ಸಂದೇಹಗಳಿವೆ. ನಮ್ಮ ಮನೆಯಲ್ಲಿ ಗ್ಯಾಸಿನ ಜೊತೆ ಇಂಡಕ್ಷನ್ ಒಲೆಯೂ ಇದೆ, ಯಾವುದು ಮೇಲು? ಆ ಅಂಗಡಿಯಲ್ಲಿ ಉರಿ ಬಾಣಲೆಯ ಸುತ್ತಲೂ ಆವರಿಸಿ ಮೊಳಕಾಲೆತ್ತರಕ್ಕೆ ಏಳುತ್ತಿತ್ತು, ಬಾಣಸಿಗ ಬಾಣಲೆಯನ್ನು ಎಡೆಬಿಡದೆ ಎಸೆದು ಹಿಡಿಯುತ್ತಿದ್ದ. ಅಂಥ ಉರಿಯಿಲ್ಲದೆ ಆ ಘಮ ಬರುವುದು ಸಾಧ್ಯವೇ? ನಾನ್‌ಸ್ಟಿಕ್ ಬಾಣಲೆಯನ್ನು ಪೂರ್ಣವಾಗಿ ಕೈಬಿಡಬೇಕೇ? ಅಜಿನೊಮೊಟೊ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.

ಉತ್ತರ: ಭೌತಶಾಸ್ತ್ರದ ಮೇಷ್ಟ್ರು

ಅಡುಗೆಯಲ್ಲಿ ನಾನು ನಿಮಗಿಂತ ಹಿಂದಿದ್ದೇನೆ, ಆದರೆ ನಿಮ್ಮ ಪ್ರಶ್ನೆ ನನ್ನ ವಿಷಯಕ್ಕೆ ಸೇರಿದ್ದಾದ್ದರಿಂದ ಲೆಕ್ಕ ಹಾಕಿ ತೋರಿಸುತ್ತೇನೆ. ಹಿಟ್ಟಿನ ಪದಾರ್ಥ ಕಂದಾಗಿ ಘಮ ಬರುವ ಮಯಾರ್ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲೆ. ಬಾಣಲೆಯಲ್ಲಿ ನೀರು ಇರುವವರೆಗೆ ನೂಡಲ್ಸಿನ ಮೈ 100 ಡಿಗ್ರಿ ದಾಟುವುದಿಲ್ಲ. ಮೈಸೂರಿನ ಎತ್ತರದಲ್ಲಂತೂ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಬಸಿದ ಕೂಡಲೇ ಬಾಣಲೆಗೆ ಸುರಿದ ನೂಡಲ್ಸಿನ ಜೊತೆ 100 ಗ್ರಾಂ ನೀರು ಹೋಯಿತೆಂದು ಇಟ್ಟುಕೊಳ್ಳಿ. ಅಷ್ಟು ನೀರನ್ನು ಆವಿಯಾಗಿಸಲು ಸುಮಾರು 226 ಕಿಲೋಜೌಲ್ ಶಾಖ ಬೇಕು. ಮನೆಯ ಗ್ಯಾಸಿನ ದೊಡ್ಡ ಬರ್ನರ್ 2.5 ಕಿಲೋವ್ಯಾಟ್ ಇದ್ದು, ಅದರ ಅರ್ಧದಷ್ಟು ಪಾತ್ರೆಗೆ ತಲುಪಿತೆಂದರೆ, ನೀರೊಂದನ್ನೇ ಓಡಿಸಲು ಮೂರು ನಿಮಿಷ ಬೇಕು. ನಾಲ್ಕು ನಿಮಿಷದ ಹುರಿಯುವಿಕೆಯಲ್ಲಿ ಮೂರು ನಿಮಿಷ ಹೀಗೆ ಕಳೆದರೆ ಎಳೆಗಳು ಮುದ್ದೆಯಾಗದೆ ಮತ್ತೇನಾದಾವು? ಹೋಟೆಲಿನ ಒಲೆ ಇದರ ಹತ್ತು ಪಟ್ಟು ಶಕ್ತಿಯದ್ದಿರಬಹುದು, ಅಲ್ಲಿ ಅದೇ ನೀರು ಕೆಲವೇ ಸೆಕೆಂಡುಗಳಲ್ಲಿ ಮಾಯ. ಅಂದರೆ ಅವರು ಉರಿಯಿಂದ ಮಾಡುವ ಕೆಲಸವನ್ನು ನೀವು ಫ್ಯಾನಿನಿಂದ ಮಾಡುತ್ತೀರಿ. ಒಂದು ಸಲಕ್ಕೆ ಒಂದೇ ಪೊಟ್ಟಣ ಎಂಬ ಮಾತಿಗೂ ಇದೇ ಕಾರಣ.

ಎಸೆಯುವ ವಿಚಾರ ಸ್ವಾರಸ್ಯಕರ. ಅಮೆರಿಕದ ಜಾರ್ಜಿಯಾ ಟೆಕ್‌ನ ಇಬ್ಬರು ಸಂಶೋಧಕರು ಚೀನೀ ಹೋಟೆಲುಗಳ ಬಾಣಸಿಗರು ಅನ್ನ ಹುರಿಯುವುದನ್ನು ಚಿತ್ರೀಕರಿಸಿ ಅಳೆದು 2020ರಲ್ಲಿ ಪ್ರಕಟಿಸಿದ್ದಾರೆ. ಆ ಬಾಣಸಿಗರು ಬಾಣಲೆಯನ್ನು ಸೆಕೆಂಡಿಗೆ ಹೆಚ್ಚುಕಡಿಮೆ ಮೂರು ಬಾರಿ ಆಡಿಸುತ್ತಾರೆ. ಅಷ್ಟು ಉರಿಯಲ್ಲಿ ಪದಾರ್ಥ ಸೀಯದಂತೆ ಅದನ್ನು ಗಾಳಿಯಲ್ಲಿ ಇಡುವುದೇ ಅದರ ಉದ್ದೇಶ. ನಮ್ಮ ಒಲೆಯಲ್ಲಿ ಸಮಸ್ಯೆ ತಿರುಗುಮುರುಗು: ಬಾಣಲೆಯನ್ನು ಎತ್ತಿದರೆ ಇರುವ ಬಿಸಿಯೂ ಹೋಗುತ್ತದೆ. ಆದ್ದರಿಂದ ಎಸೆಯಬೇಡಿ, ಒಲೆಯ ಮೇಲೆಯೇ ಬಿಟ್ಟು ಮಗುಚಿ. ಕೌಲೂನ್ ಕನ್ನಡಿಗರು ಸುಮ್ಮನೆ ನಿಲ್ಲಿ ಎಂದದ್ದರ ಮರ್ಮ ಇದು.

ಇಂಡಕ್ಷನ್ ಒಲೆಯಲ್ಲಿ ಶಾಖ ಹುಟ್ಟುವುದು ಪಾತ್ರೆಯ ತಳದಲ್ಲೇ ಆದ್ದರಿಂದ ಪೋಲು ಕಡಿಮೆ. ಆದರೆ ಗುಂಡುತಳದ ಬಾಣಲೆ ಅದಕ್ಕೆ ಒಗ್ಗುವುದಿಲ್ಲ, ಚಪ್ಪಟೆ ತಳದ ಕಬ್ಬಿಣದ್ದೇ ಬೇಕು. ನಾನ್‌ಸ್ಟಿಕ್ ಲೇಪವು 260 ಡಿಗ್ರಿ ದಾಟಿದರೆ ಕೆಡಲು ತೊಡಗುತ್ತದೆ. ಖಾಲಿ ಪಾತ್ರೆಯನ್ನು ಜೋರು ಉರಿಯಲ್ಲಿ ಕಾಯಿಸಿದರೆ ಅಷ್ಟು ಬಿಸಿಯಾಗಲು ಕೆಲವೇ ನಿಮಿಷ ಸಾಕು, ಆದ್ದರಿಂದ ಈ ಬಗೆಯ ಅಡುಗೆಗೆ ಅದು ಬೇಡ. ಹೊಸ ಕಬ್ಬಿಣದ ಬಾಣಲೆಯನ್ನು ದೋಸೆ ಕಾವಲಿಯಂತೆಯೇ ಪಳಗಿಸಬೇಕು.

ಅಜಿನೊಮೊಟೊ ಎಂಬುದು ಒಂದು ಜಪಾನೀ ಕಂಪನಿಯ ಹೆಸರು. ವಸ್ತುವಿನ ಹೆಸರು ಮೋನೋಸೋಡಿಯಂ ಗ್ಲುಟಮೇಟ್. ಕಿಕುನೇ ಇಕೇಡಾ ಎಂಬ ಟೋಕಿಯೋದ ರಸಾಯನಶಾಸ್ತ್ರಜ್ಞರು 1908ರಲ್ಲಿ ಕಡಲಪಾಚಿಯ ಸಾರಿನಲ್ಲಿರುವ ಆ ವಿಶಿಷ್ಟ ರುಚಿಗೆ ಗ್ಲುಟಮೇಟ್ ಕಾರಣವೆಂದು ಗುರುತಿಸಿದರು. ಟೊಮೇಟೊದಲ್ಲೂ ಅದಿದೆ, ಹುದುಗಿಸಿ ಮಾಡಿದ ಸೋಯಾ ಸಾಸಿನಲ್ಲಂತೂ ಧಾರಾಳವಾಗಿದೆ. ಒಳ್ಳೆಯ ತೆಳು ಸಾಸು ಇದ್ದರೆ ಬೇರೆಯಾಗಿ ಹಾಕುವ ಅಗತ್ಯವಿಲ್ಲ. ಚಿಟಿಕೆ ಹಾಕಿದರೆ ಅನಾಹುತವಾಗುತ್ತದೆಂಬ ಭಯಕ್ಕೂ ಆಧಾರವಿಲ್ಲ. ರಕ್ತದೊತ್ತಡ ಇರುವವರು ಚಿಂತಿಸಬೇಕಾದದ್ದು ಸೋಯಾ ಸಾಸಿನ ಉಪ್ಪಿನ ಬಗ್ಗೆ.

ವರದಿ: ನಿವೃತ್ತ ಬಾಣಸಿಗ, ಮೈಸೂರು

ನಿನ್ನೆ ನಾಲ್ಕನೆಯ ಪ್ರಯತ್ನ ಮಾಡಿದೆ. ದೇವರಾಜ ಮಾರುಕಟ್ಟೆಯ ಬದಿಯ ಪಾತ್ರೆ ಅಂಗಡಿಯಲ್ಲಿ ಹನ್ನೆರಡು ಅಂಗುಲದ ಕಬ್ಬಿಣದ ಬಾಣಲೆ ಕೊಂಡು, ಎರಡು ದಿನ ಎಣ್ಣೆ ಸವರಿ ಕಾಯಿಸಿ ಪಳಗಿಸಿದೆ. ಬೆಳಗ್ಗೆಯೇ ನೂಡಲ್ಸ್ ಬೇಯಿಸಿ ಫ್ರಿಜ್ಜಿನಲ್ಲಿಟ್ಟಿದ್ದೆ. ತೆಳು ಸಾಸು ಎರಡನೆಯ ಅಂಗಡಿಯಲ್ಲಿ ಸಿಕ್ಕಿತು. ಉದ್ದನೆಯ ಮೊಳಕೆ ಎಲ್ಲಿಯೂ ಸಿಗಲಿಲ್ಲ, ಮನೆಯ ಗಿಡ್ಡ ಹೆಸರುಕಾಳಿನ ಮೊಳಕೆಯನ್ನೇ ಹಾಕಿದೆ. ಒಂದೇ ಪೊಟ್ಟಣ ಹುರಿದೆ. ಸಾಸು ಅಂಚಿಗೆ ಬಿದ್ದಾಗ ಎದ್ದ ಘಮಕ್ಕೆ ಹಜಾರದಲ್ಲಿ ಕುಳಿತಿದ್ದ ಶ್ರೀಮತಿಯವರು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಎಳೆಗಳು ಬೇರೆ ಬೇರೆಯಾಗಿ ಬಂದವು, ಬಣ್ಣ ಕಾಫಿಯ ಡಿಕಾಕ್ಷನ್ನಿನಷ್ಟು ಗಾಢವಾಗದೆ ಬೆಲ್ಲದ ಬಣ್ಣಕ್ಕೆ ನಿಂತಿತು. ಆದರೆ ಕೊನೆಯಲ್ಲಿ ಅರ್ಧದಷ್ಟು ಎಳೆಗಳು ಮುರಿದವು. ಇದಕ್ಕೇನು ಉಪಾಯ?

ಉತ್ತರ: ಕೌಲೂನ್ ಕನ್ನಡಿಗ

ಸೌಟನ್ನು ಬಿಡಿ. ಅದರ ಅಂಚು ಎಳೆಗಳನ್ನು ಕತ್ತರಿಸುತ್ತದೆ. ಅಲ್ಲಿಯ ಬಾಣಸಿಗರು ಈ ಒಂದು ತಿಂಡಿಗೆ ಉದ್ದನೆಯ ಮರದ ಕಡ್ಡಿಗಳಿಂದ ನೂಡಲ್ಸನ್ನು ಮೇಲಕ್ಕೆತ್ತಿ ಬಿಡಿಸುತ್ತಾರೆ. ನೀವು ಎರಡು ಮರದ ದೋಸೆ ಸಟ್ಟುಗಗಳನ್ನೋ ರೊಟ್ಟಿ ಹಿಡಿಯುವ ಇಕ್ಕಳವನ್ನೋ ಬಳಸಿ, ಕಲಸದೆ ಎತ್ತಿ ಎತ್ತಿ ಬಿಡಿ. ಮೊಳಕೆಯನ್ನು ಮನೆಯಲ್ಲೇ ಬೆಳೆಸಬಹುದು: ನೆನೆಸಿದ ಹೆಸರುಕಾಳನ್ನು ತೂತಿನ ಪಾತ್ರೆಯಲ್ಲಿ ಹಾಕಿ, ಮೇಲೆ ಒದ್ದೆ ಬಟ್ಟೆ ಮತ್ತು ಒಂದು ಭಾರವಾದ ತಟ್ಟೆಯಿಟ್ಟು, ಬೆಳಕು ಬೀಳದ ಮೂಲೆಯಲ್ಲಿರಿಸಿ, ದಿನಕ್ಕೆ ನಾಲ್ಕು ಸಲ ನೀರು ಹನಿಸಿ ಬಸಿಯಲು ಬಿಟ್ಟರೆ ಐದನೆಯ ದಿನಕ್ಕೆ ದಪ್ಪ ಬಿಳಿಯ ಕಾಂಡ ಬರುತ್ತದೆ. ಭಾರ ಇಡದಿದ್ದರೆ ಕಾಂಡ ದಾರದಂತೆ ಸಣ್ಣಗಾಗುತ್ತದೆ. ಹುರಿಯುವ ದಿನ ಅದನ್ನೂ ತೊಳೆದು ಬಟ್ಟೆಯ ಮೇಲೆ ಆರಿಸಲು ಮರೆಯಬೇಡಿ.